ರೈಯೋಲಿಗೆ ಹೋಗುವವರು ಹೆಜ್ಜೆಗುರುತಿಗೆ ದುಡ್ಡು ಕೊಡಬೇಡಿ

ಗುಜರಾತಿನ ಬಾಲಸಿನೋರ್‌ನಲ್ಲಿ ಬಸ್ಸಿನಿಂದ ಇಳಿದಿದ್ದೇ ತಡ, ಆಟೋದವನು ಕೇಳಿದ: 'ಡೈನಾಸೋರ್?' ಹೌದು ಅಂದೆ. ಡೈನಾಸೋರ್ ಮೂಳೆ, ಮೊಟ್ಟೆ ಸಿಕ್ಕ ರೈಯೋಲಿ ಊರಿಗೆ ಹೋಗಿಬರಲು ಒಂದು ರೇಟು, 'ಪಗ್ಲಾ' ತೋರಿಸಲು ಮೇಲೆ 300 ರೂಪಾಯಿ. ಪಗ್ಲಾ ಅಂದರೆ ಹೆಜ್ಜೆ.

'ಬ್ಯಾಡ ಅಣ್ಣಾ, ಸುಮ್ನ ರೊಕ್ಕ ಹೋಗ್ತಾವ' ಅಂದ ತಮ್ಮ. ನಾನು ಕೇಳಲಿಲ್ಲ. ಆಟೋದವನು ಒಂದು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಬಂಡೆಯಲ್ಲಿದ್ದ ಗುಂಡಿ ತೋರಿಸಿದ. ಮಳೆ ನೀರು ನಿಂತು ಸವೆದ ಗುಂಡಿ, ಅಷ್ಟೇ. ನಮ್ಮ ಕಡೆ ಭೀಮನ ಹೆಜ್ಜೆ ಅಂತ ತೋರಿಸುತ್ತಾರಲ್ಲ, ಥೇಟ್ ಅದೇ.

ಅಸಲಿ ಹೆಜ್ಜೆ ಅಂದರೆ ಅದು ರಾಜಸ್ಥಾನದ ಜೈಸಲ್ಮೇರ್ ಕಡೆಯ ಮಾತು. ಅಲ್ಲಿನ ಥಾಯಿಯತ್ ಊರಿನ ಹತ್ತಿರ 2014ರಲ್ಲಿ ಮೂರು ಬೆರಳಿನ ಗುರುತು ಸಿಕ್ಕಿತು. ಸುಮಾರು 30 ಸೆಂಟಿಮೀಟರ್ ಉದ್ದ. ಪಾದದ ಉದ್ದವನ್ನು ನಾಲ್ಕರಿಂದ ಗುಣಿಸಿದರೆ ಸೊಂಟದ ಎತ್ತರ, ಇದು ತಜ್ಞರ ಅಂದಾಜು ಲೆಕ್ಕ. ಅಂದರೆ ಆ ಪ್ರಾಣಿಯ ಸೊಂಟ ಹೆಚ್ಚುಕಡಿಮೆ 1.2 ಮೀಟರ್ ಮೇಲಿತ್ತು. ಮೂಳೆ ಸಿಗದೆ ಅದು ಯಾವ ಡೈನಾಸೋರ್ ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಹೆಜ್ಜೆಗೇ ಬೇರೆ ಹೆಸರಿಡುತ್ತಾರೆ. ಈ ಗುರುತಿಗೆ ಯೂಬ್ರಾಂಟಿಸ್ ಅನ್ನುತ್ತಾರೆ. ಇದನ್ನೆಲ್ಲ ನಾನು ಓದಿಕೊಂಡಿದ್ದು 300 ರೂಪಾಯಿ ಕೊಟ್ಟಾದ ಮೇಲೆ.

ಈಗ ರೈಯೋಲಿ. ಅಹಮದಾಬಾದಿನಿಂದ ಬಾಲಸಿನೋರ್ ಸುಮಾರು 90 ಕಿಲೋಮೀಟರ್, ಅಲ್ಲಿಂದ ಈ ಊರು ಹತ್ತಿರವೇ. 2019ರಲ್ಲಿ ಮ್ಯೂಸಿಯಂ ಆಗಿದೆ. ಮಕ್ಕಳಿದ್ದರೆ ಅದು ಸಾಕು. ನನಗೆ ಇಷ್ಟವಾಗಿದ್ದು ಹೊರಗಿನ ಬಯಲು. ಜನರೇ ಇರಲಿಲ್ಲ. ಮಾರ್ಗದರ್ಶಕ ಹುಡುಗ ಬಾಟಲಿ ನೀರನ್ನು ಒಂದು ಬೂದು ಬಂಡೆಯ ಮೇಲೆ ಸುರಿದ. ಒಣಗಿದ್ದಾಗ ಏನೂ ಕಾಣದ ಕಲ್ಲಿನಲ್ಲಿ ಬಳೆಯಂಥ ಗೆರೆ ಮೂಡಿತು. ಅದು ಮೊಟ್ಟೆಯ ಚಿಪ್ಪು. ಪಕ್ಕದಲ್ಲೇ ಇನ್ನೊಂದು, ಮತ್ತೊಂದು. ನೀರು ಆರಿದ ಹಾಗೆ ಒಂದೊಂದೇ ಮಾಯ. ಬಿಸಿಲಿಗೆ ಎರಡು ನಿಮಿಷವೂ ನಿಲ್ಲಲಿಲ್ಲ. ನೀವು ಕುಡಿಯಲು ಬೇರೆ, ಕಲ್ಲಿಗೆ ಬೇರೆ ಅಂತ ಎರಡು ಬಾಟಲಿ ಒಯ್ಯಿರಿ.

ಇಡೀ ಅಸ್ಥಿಪಂಜರ ನೋಡುವ ಆಸೆ ಬೇಡ. ಇಲ್ಲಿನ ಹೀರೋ, ರಾಜಾಸಾರಸ್ ಅನ್ನುವ ಡೈನಾಸೋರ್‌ನದೇ ಪೂರ್ತಿ ಮೂಳೆ ಸಿಕ್ಕಿಲ್ಲ. ತಲೆಬುರುಡೆಯ ಒಂದು ಭಾಗ, ಸೊಂಟ, ಕಾಲು, ಬಾಲದ ಕೆಲವು ಮೂಳೆ, ಅಷ್ಟೇ. ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ 1980ರ ದಶಕದಲ್ಲಿ ಅವನ್ನು ಅಗೆದು ತೆಗೆದರು. ಯಾವ ಮೂಳೆ ಎಲ್ಲಿ ಬಿದ್ದಿತ್ತು ಅಂತ ನಕ್ಷೆ ಬರೆದಿಟ್ಟಿದ್ದರು. ಆ ನಕ್ಷೆ ಇದ್ದಿದ್ದಕ್ಕೇ ಮುಂದೆ ಬಂದವರು ಮೂಳೆಗಳನ್ನು ಜೋಡಿಸಿ, 2003ರಲ್ಲಿ ಹೆಸರಿಡಲು ಆಯಿತು. ಹಣೆಯ ಮೇಲೆ ಗಿಡ್ಡ ಕೊಂಬು. ಹತ್ತಿರದ ನೆಂಟ ಮಡಗಾಸ್ಕರ್‌ನ ಮಜುಂಗಾಸಾರಸ್. ಒಂದು ಕಾಲಕ್ಕೆ ಎರಡೂ ನೆಲ ಕೂಡಿಕೊಂಡಿದ್ದವು ಅಲ್ವಾ, ಅದರ ಸಾಕ್ಷಿ ಈ ಚೂರುಗಳಲ್ಲೂ ಇದೆ. ಮೊದಲು 30 ಅಡಿ ಉದ್ದ ಅಂದರು. ಆಮೇಲಿನ ಲೆಕ್ಕದಲ್ಲಿ ಅದು 22 ಅಡಿಯ ಆಸುಪಾಸಿಗೆ ಇಳಿಯಿತು.

ಇದಕ್ಕಿಂತ ನನಗೆ ಹಿಡಿಸಿದ್ದು ಹಾವಿನ ಕಥೆ. ಇದೇ ಸೀಮೆಯ ಧೋಲಿ ಡುಂಗರಿಯಲ್ಲಿ ಸಿಕ್ಕ ಒಂದು ಗೂಡಿನ ಮೂಳೆಗಳೆಲ್ಲ ಡೈನಾಸೋರ್ ಮರಿಯವೇ ಅಂದುಕೊಂಡಿದ್ದರು. 2001ರಲ್ಲಿ ಅದನ್ನು ಮತ್ತೆ ನೋಡಿದಾಗ, ಕೆಲವು ಹಾವಿನ ಬೆನ್ನುಮೂಳೆ! ಮರಿಯ ಪಕ್ಕದಲ್ಲೇ ಮೊಟ್ಟೆಗೆ ಸುತ್ತಿಕೊಂಡಿದ್ದ ಮೂರೂವರೆ ಮೀಟರಿನ ಹಾವು. 2010ರಲ್ಲಿ ಅದಕ್ಕೆ ಸನಾಜೆ ಅಂತ ಹೆಸರಾಯಿತು.

ಈ ಮೊಟ್ಟೆಗಳ ಪದರದ ಮೇಲೇ ದಖನ್ನಿನ ಲಾವಾ ಹರಿದಿದ್ದು. ನಾವು ವಿಜಯಪುರದವರು. ನಮ್ಮ ಎರಿ ಹೊಲ ಅದೇ ಲಾವಾ ಕಲ್ಲಿನ ಪುಡಿ. ಇದನ್ನು ಹೇಳಿದಾಗ ತಮ್ಮ ಮೊದಲ ಸಲ ಮೊಬೈಲ್ ಕೆಳಗಿಟ್ಟ. ರೈಯೋಲಿಯ ಬಯಲಿನಲ್ಲಿ ಮೊಟ್ಟೆ, ಮೂಳೆಯ ಚೂರು ಕಂಡರೆ ಎತ್ತಿ ಜೇಬಿಗೆ ಹಾಕಿಕೊಳ್ಳಬೇಡಿ, ಹಾಗೆ ಹೋಗಿದ್ದೇ ಜಾಸ್ತಿಯಂತೆ.

ಊಟಕ್ಕೆ ಬಾಲಸಿನೋರ್ ಬಸ್ ನಿಲ್ದಾಣದ ಹಿಂದಿನ ಸಣ್ಣ ಖಾನಾವಳಿಗೆ ಹೋಗಿ. ಬೋರ್ಡ್ ಇಲ್ಲ. ತಗಡಿನ ಮಾಡು, ಹೊರಗೆ ಎರಡು ಬೆಂಚು. 90 ರೂಪಾಯಿಗೆ ಸಜ್ಜೆ ರೊಟ್ಟಿ. ನಮ್ಮದಕ್ಕಿಂತ ದಪ್ಪ, ನಡುವೆ ಬೆರಳಿನಿಂದ ಕುಳಿ ಮಾಡಿ ತುಪ್ಪ ಬಿಡುತ್ತಾರೆ. ಜೊತೆಗೆ ಟೊಮೆಟೊ ಗೊಜ್ಜಿನ ಮೇಲೆ ಒಂದು ಹಿಡಿ ಸೇವ್, ಬೆಲ್ಲದ ಅಚ್ಚು, ಹಸಿ ಈರುಳ್ಳಿ. ಮಜ್ಜಿಗೆ ಲೋಟ ಖಾಲಿಯಾಗಲು ಬಿಡುವುದಿಲ್ಲ. ರೊಟ್ಟಿ ತಟ್ಟುತ್ತಿದ್ದ ಅಜ್ಜಿಗೆ ಎಲ್ಲರೂ 'ಬಾ' ಅನ್ನುತ್ತಿದ್ದರು. ಎರಡು ರೊಟ್ಟಿಗೇ ಸಾಕು ಅಂದರೆ ಆಕೆಗೆ ಸಿಟ್ಟು. ನಾನು ನಾಲ್ಕು ತಿಂದೆ. ರಾತ್ರಿ ಮತ್ತೆ ಹೋದೆವು, ಅದೇ ರೊಟ್ಟಿ, ಜೊತೆಗೆ ಕಡಿ-ಖಿಚಡಿ.

ರಾತ್ರಿ ಯಾಕೆ ಅಲ್ಲೇ ಇದ್ದೆವು ಅಂದರೆ, ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಬೆಳಿಗ್ಗೆ ಕೇಳಿರಲಿಲ್ಲ. ಹೆದ್ದಾರಿ ಪಕ್ಕದ ಲಾಡ್ಜಿನಲ್ಲಿ 1,800 ರೂಪಾಯಿಗೆ ಕೊಟ್ಟ ಕೋಣೆಯಲ್ಲಿ ಎಸಿ ಪೆಟ್ಟಿಗೆ ಇತ್ತು, ತಂಪು ಇರಲಿಲ್ಲ. ರಿಮೋಟ್ ಕೇಳಿದರೆ 200 ಜಾಸ್ತಿ. ಕೊಟ್ಟೆವು. ಅದರಲ್ಲಿ ಸೆಲ್ ಇರಲಿಲ್ಲ.