ಕಥೆಯ ಹಕ್ಕು, ಮಾರಾಟದ ದಾರಿ: ಅಮಾಕಾ ಇಗ್ವೆ ಅವರ ವೃತ್ತಿಜೀವನದಿಂದ ನಾನು ಕಲಿತದ್ದು

ಧಾರಾವಾಹಿ ನಿರ್ಮಾಣದ ಕೆಲಸದಲ್ಲಿರುವವರಿಗೆ ಬೆಳಗಾದರೆ ಕಾಲ್‌ಶೀಟಿನದೇ ಚಿಂತೆ. ಯಾವ ಕಲಾವಿದರ ಡೇಟ್ಸ್ ಸಿಕ್ಕಿವೆ, ಶೂಟಿಂಗ್ ಮನೆಯ ಮಾಲೀಕರು ರಾತ್ರಿ ಎಷ್ಟು ಹೊತ್ತಿನವರೆಗೆ ಒಪ್ಪುತ್ತಾರೆ, ಸಂಭಾಷಣೆ ಕೈಗೆ ಬಂದಿದೆಯೇ, ಪ್ರಸಾರಕ್ಕೆ ಮುಂಚಿತವಾಗಿ ಎಷ್ಟು ಸಂಚಿಕೆಗಳು ಸಿದ್ಧವಿವೆ ಎಂಬ ಲೆಕ್ಕದಲ್ಲೇ ದಿನ ಮುಗಿಯುತ್ತದೆ. ನಾವು ತಯಾರಿಸುತ್ತಿರುವ ಕಥೆ ಯಾರ ಸ್ವತ್ತು, ಅದು ಯಾರ ಮೂಲಕ ಯಾವ ಬೆಲೆಗೆ ನೋಡುಗರನ್ನು ತಲುಪುತ್ತದೆ ಎಂಬುದನ್ನು ಪ್ರೊಡಕ್ಷನ್ ವಿಭಾಗದವರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಬೆಂಗಳೂರಿನ ಧಾರಾವಾಹಿಗಳಲ್ಲಿ ಕೆಲಸ ಕಲಿತು, ಆಮೇಲೆ ನೈಜೀರಿಯಾದ ಲೇಗೋಸ್‌ನಲ್ಲಿ ಒಂದು ತಂಡದ ಶೆಡ್ಯೂಲ್ ಮತ್ತು ಖರ್ಚುವೆಚ್ಚ ನೋಡಿಕೊಳ್ಳಲು ಹೋದ ನನಗೆ ಈ ಎರಡು ಪ್ರಶ್ನೆಗಳ ತೂಕ ತಿಳಿದದ್ದು ಅಮಾಕಾ ಇಗ್ವೆ ಎಂಬ ನಿರ್ಮಾಪಕಿಯ ವೃತ್ತಿಜೀವನವನ್ನು ಗಮನವಿಟ್ಟು ಅಭ್ಯಾಸ ಮಾಡಿದಾಗ. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆದರೆ ಸೆಟ್ಟಿನಲ್ಲಿ ಹಿರಿಯ ತಂತ್ರಜ್ಞರು ಕೆಲಸದ ಶಿಸ್ತಿನ ಮಾತು ಬಂದಾಗಲೆಲ್ಲ ಅವರ ಹೆಸರನ್ನೇ ಎತ್ತುತ್ತಿದ್ದರು.

ಅಮಾಕಾ ಇಗ್ವೆ 1963ರ ಜನವರಿ 2ರಂದು ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್‌ನಲ್ಲಿ ಜನಿಸಿದರು. ಇಫೆ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಇಬಾದಾನ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದರು. ಸಿನಿಮಾ ಶಾಲೆಯಲ್ಲಿ ಕಲಿತವರಲ್ಲದ ಅವರು ನಿರ್ಮಾಣಕ್ಕೆ ಬಂದದ್ದು ಬರವಣಿಗೆಯ ಬಾಗಿಲಿನಿಂದ. ಗ್ರಂಥಾಲಯ ವಿಜ್ಞಾನ ಓದಿದವರಿಗೆ ಯಾವುದನ್ನು ಎಲ್ಲಿ ಇಟ್ಟಿದ್ದೇವೆ, ಅದನ್ನು ಮತ್ತೆ ಹೇಗೆ ತೆಗೆಯಬೇಕು ಎಂಬ ಪ್ರಜ್ಞೆ ಸಹಜವಾಗಿ ಬರುತ್ತದೆ. ನೂರಾರು ಸಂಚಿಕೆಗಳ ಕಥೆ ನಡೆಸುವವರಿಗೆ ಇದಕ್ಕಿಂತ ದೊಡ್ಡ ತರಬೇತಿ ಬೇಕಿಲ್ಲ ಎಂಬುದು ನನ್ನ ನಂಬಿಕೆ.

ಅವರು ಕೆಲಸ ಆರಂಭಿಸಿದ ಕಾಲದ ಪರಿಸ್ಥಿತಿಯನ್ನು ತಿಳಿಯದೆ ಅವರ ಸಾಧನೆಯ ಅಳತೆ ಸಿಗುವುದಿಲ್ಲ. ನೈಜೀರಿಯಾದಲ್ಲಿ 1959ರಲ್ಲೇ ಇಬಾದಾನ್‌ನಿಂದ ಟೆಲಿವಿಷನ್ ಪ್ರಸಾರ ಶುರುವಾಗಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಪ್ರಸಾರವೆಲ್ಲ ನೈಜೀರಿಯನ್ ಟೆಲಿವಿಷನ್ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆಯ ಕೈಗೆ ಬಂತು. ಖಾಸಗಿ ವಾಹಿನಿಗಳಿಗೆ ಕಾನೂನಿನ ದಾರಿ ತೆರೆದದ್ದು 1992ರಲ್ಲಿ. ಈ ನಡುವೆ 1986ರ ಆರ್ಥಿಕ ಮರುಹೊಂದಾಣಿಕೆ ಕಾರ್ಯಕ್ರಮದಿಂದ ಅಲ್ಲಿನ ನಾಣ್ಯ ನೈರಾದ ಮೌಲ್ಯ ಕುಸಿದು, ಫಿಲ್ಮ್ ರೋಲು ತರಿಸುವುದು, ಅದನ್ನು ವಿದೇಶದ ಲ್ಯಾಬಿನಲ್ಲಿ ಸಂಸ್ಕರಿಸುವುದು ಎಲ್ಲವೂ ಕೈಗೆಟುಕದ ಮಾತಾಯಿತು. ಸರ್ಕಾರಿ ವಾಹಿನಿಯ ಬಳಿಯೂ ಹಣವಿರಲಿಲ್ಲ. ಹೀಗಾಗಿ ಸ್ವತಂತ್ರ ನಿರ್ಮಾಪಕರು ತಾವೇ ಪ್ರಾಯೋಜಕರನ್ನು ಹುಡುಕಿ, ಕಾರ್ಯಕ್ರಮ ತಯಾರಿಸಿ, ಪ್ರಸಾರದ ಸಮಯವನ್ನೂ ದೊರಕಿಸಿಕೊಳ್ಳಬೇಕಾದ ಪದ್ಧತಿ ಬೆಳೆಯಿತು. ದೂರದರ್ಶನದ ಪ್ರಾಯೋಜಿತ ಕಾರ್ಯಕ್ರಮಗಳ ಕಾಲವನ್ನು ಕಂಡ ನಮ್ಮ ಹಿರಿಯ ನಿರ್ಮಾಪಕರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಪ್ರಸಾರ ಶುಲ್ಕ ಕಟ್ಟಿ, ಸಿಕ್ಕ ಜಾಹೀರಾತು ಸೆಕೆಂಡುಗಳನ್ನು ತಾವೇ ಮಾರಿ ಬಂಡವಾಳ ಹಿಂದಕ್ಕೆ ಪಡೆಯುತ್ತಿದ್ದ ದಿನಗಳು ಅವು.

ಅಂಥ ಸಂದರ್ಭದಲ್ಲಿ, 1991ರಲ್ಲಿ ಅವರ ‘ಚೆಕ್‌ಮೇಟ್’ ಧಾರಾವಾಹಿ ಪ್ರಸಾರವಾಗತೊಡಗಿತು. ಕುಟುಂಬದ ವ್ಯವಹಾರವನ್ನು ಕೈಗೆತ್ತಿಕೊಂಡು ಗಂಡಸರ ಲೋಕದಲ್ಲಿ ನಿಲ್ಲುವ ಆ್ಯನ್ ಹಾಸ್ಟ್ರಪ್ ಎಂಬ ಯುವತಿಯ ಕಥೆ ಅದು. ಈಗೊ ಬೊಯೊ ಆ ಪಾತ್ರ ಮಾಡಿದ್ದರು, ರಿಚರ್ಡ್ ಮೋಫೆ ದಮಿಜೊ ಮತ್ತೊಂದು ಮುಖ್ಯ ಪಾತ್ರದಲ್ಲಿದ್ದರು. ಅದೇ ಧಾರಾವಾಹಿಯಲ್ಲಿ ಹಲವು ಹೆಂಡತಿಯರ ಸಂಸಾರ ನಡೆಸುವ ಚೀಫ್ ಫೂಜಿ ಎಂಬ ಹಾಸ್ಯಪಾತ್ರವೂ ಇತ್ತು. ಜನ ಆ ಮನೆಯ ಜಗಳಗಳನ್ನು ನೋಡಲು ಕಾಯುತ್ತಿದ್ದರು. ‘ಚೆಕ್‌ಮೇಟ್’ ಮುಗಿದ ಮೇಲೆ ಇಗ್ವೆ ಆ ಮನೆಯನ್ನೇ ಕೇಂದ್ರವಾಗಿಟ್ಟುಕೊಂಡು ‘ಫೂಜಿ ಹೌಸ್ ಆಫ್ ಕಮೋಷನ್’ ಎಂಬ ಪ್ರತ್ಯೇಕ ಹಾಸ್ಯ ಧಾರಾವಾಹಿ ರೂಪಿಸಿದರು, ಅದು ವರ್ಷಗಟ್ಟಲೆ ಓಡಿತು.

ನಿರ್ಮಾಣದ ಲೆಕ್ಕ ಬಲ್ಲವರು ಈ ನಡೆಯನ್ನು ನಿಧಾನವಾಗಿ ನೋಡಬೇಕು. ಹೊಸ ಧಾರಾವಾಹಿಯೊಂದರ ಮೊದಲ ಕೆಲವು ವಾರಗಳ ಖರ್ಚು ಹೋಗುವುದು ಪಾತ್ರಗಳನ್ನು ಜನರಿಗೆ ಪರಿಚಯಿಸುವುದಕ್ಕೆ. ಪ್ರೋಮೋ, ಜಾಹೀರಾತು, ಸೆಟ್ಟಿನ ಅಲಂಕಾರ, ವೇಷಭೂಷಣ ಎಲ್ಲವೂ ಹೊಸದು, ಇಷ್ಟಾದರೂ ನೋಡುಗರು ಬರುತ್ತಾರೆಂಬ ಖಾತ್ರಿ ಇರುವುದಿಲ್ಲ. ಈಗಾಗಲೇ ಜನಪ್ರಿಯವಾದ ಪಾತ್ರವನ್ನು ಒಂದೇ ಮನೆಯೊಳಗೆ ಕೂರಿಸಿದರೆ ಪರಿಚಯದ ಖರ್ಚು ಉಳಿಯುತ್ತದೆ, ಲೊಕೇಷನ್ ಬದಲಾವಣೆ ಇಲ್ಲದ್ದರಿಂದ ಲೈಟಿಂಗ್ ಸಮಯ ಉಳಿಯುತ್ತದೆ, ದಿನಕ್ಕೆ ತೆಗೆಯಬಹುದಾದ ದೃಶ್ಯಗಳು ಹೆಚ್ಚುತ್ತವೆ. ಹಾಸ್ಯಕ್ಕೆ ಬೇಕಾದ ಗುಂಪು ಕಲಾವಿದರು ಒಂದೇ ಛಾವಣಿಯಡಿ ಇರುವುದರಿಂದ ಡೇಟ್ಸ್ ಹೊಂದಿಸುವುದು ಮಾತ್ರ ಕಷ್ಟವಾಗುತ್ತದೆ, ಒಬ್ಬರು ಬಾರದಿದ್ದರೆ ಎಲ್ಲರೂ ಕುಳಿತಿರಬೇಕು. ಆ ಒಂದು ತೊಂದರೆಯನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಲಾಭ. ಆದರೆ ಇದನ್ನು ಮಾಡಲು ಆ ಪಾತ್ರ ನಿರ್ಮಾಪಕರದೇ ಆಗಿರಬೇಕು. ಇಗ್ವೆ ತಾವೇ ಬರೆದು, ತಮ್ಮ ಸಂಸ್ಥೆಯಿಂದಲೇ ತಯಾರಿಸಿದ್ದರಿಂದ ಚೀಫ್ ಫೂಜಿಯನ್ನು ಹೊಸ ಮನೆಗೆ ಕರೆದೊಯ್ಯಲು ಸಾಧ್ಯವಾಯಿತು. ಇಂದು ನಮ್ಮಲ್ಲಿ ವಾಹಿನಿಗಳು ಹಣ ಕೊಟ್ಟು ಮಾಡಿಸುವ ಧಾರಾವಾಹಿಗಳಲ್ಲಿ ಕಥೆ, ಪಾತ್ರ, ಶೀರ್ಷಿಕೆ ಎಲ್ಲವೂ ಸಾಮಾನ್ಯವಾಗಿ ವಾಹಿನಿಗೇ ಸೇರುತ್ತವೆ. ನಿರ್ಮಾಪಕರಿಗೆ ಸಂಚಿಕೆಗೆ ಇಷ್ಟು ಎಂಬ ಮೊತ್ತ ಸಿಗುತ್ತದೆ, ಅದರಲ್ಲಿ ಉಳಿಸಿದ್ದಷ್ಟೇ ಆದಾಯ. ಧಾರಾವಾಹಿ ನಿಂತ ಮರುದಿನ ನಿರ್ಮಾಪಕರ ಬಳಿ ಉಳಿಯುವುದು ಬಾಡಿಗೆಗೆ ತಂದ ಪೀಠೋಪಕರಣಗಳ ಬಿಲ್ಲು ಮಾತ್ರ.

ಲೇಗೋಸ್‌ನಲ್ಲಿ ಉಳಿಸುವುದು ಇನ್ನೂ ಕಷ್ಟ. ನಾವು ಸುರುಲೆರೆ ಪ್ರದೇಶದ ಒಂದು ಮನೆಯಲ್ಲಿ ಚಿತ್ರೀಕರಿಸುತ್ತಿದ್ದಾಗ ಬಜೆಟ್ಟಿನಲ್ಲಿ ನಾನು ಪ್ರತಿದಿನ ಮೊದಲು ನೋಡುತ್ತಿದ್ದ ಸಾಲು ಡೀಸೆಲ್‌ನದು. ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವಂತಿಲ್ಲದ್ದರಿಂದ ಇಡೀ ದಿನ ಜನರೇಟರ್ ಮೇಲೆಯೇ ನಡೆಯಬೇಕು. ಅದರ ಸದ್ದು ಮೈಕಿಗೆ ಸಿಗಬಾರದೆಂದು ಕಾಂಪೌಂಡಿನ ಹೊರಗೆ, ಬೀದಿಯ ತಿರುವಿನಲ್ಲಿ ಅದನ್ನು ನಿಲ್ಲಿಸಿ, ಉದ್ದದ ಕೇಬಲ್ಲನ್ನು ಗೋಡೆಯ ಮೇಲಿನಿಂದ ಒಳಕ್ಕೆ ಎಳೆದು, ಅದನ್ನು ಕಾಯಲು ಒಬ್ಬ ಹುಡುಗನನ್ನು ಕೂರಿಸುತ್ತಿದ್ದೆವು. ಅಕ್ಕಪಕ್ಕದ ಮನೆಗಳ ಜನರೇಟರ್‌ಗಳೂ ಅದೇ ಹೊತ್ತಿಗೆ ಶುರುವಾಗುತ್ತಿದ್ದುದರಿಂದ ಮುಖ್ಯ ಟೇಕ್ ಇದ್ದಾಗ ಪ್ರೊಡಕ್ಷನ್ ಹುಡುಗರು ಪಕ್ಕದ ಮನೆಗೆ ಹೋಗಿ, ಸ್ವಲ್ಪ ಹೊತ್ತು ನಿಲ್ಲಿಸುವಂತೆ ವಿನಂತಿಸಿ, ಬದಲಿಗೆ ನಮ್ಮ ಲೈನಿನಿಂದ ಅವರ ಫ್ರಿಡ್ಜಿಗೆ ಸಂಪರ್ಕ ಕೊಡುವ ವಾಡಿಕೆಯೂ ಇತ್ತು. ಇಷ್ಟೆಲ್ಲ ಖರ್ಚಿನ ನಡುವೆ ಸ್ಕ್ರಿಪ್ಟ್ ತಡವಾದರೆ ಆಗುವ ನಷ್ಟ ಕಣ್ಣಿಗೆ ಕಾಣುತ್ತದೆ, ಏಕೆಂದರೆ ಸಂಭಾಷಣೆಗಾಗಿ ಕಾಯುವ ಪ್ರತಿ ಗಂಟೆಯಲ್ಲೂ ಡೀಸೆಲ್ ಉರಿಯುತ್ತಲೇ ಇರುತ್ತದೆ. ಇಗ್ವೆ ಅವರ ವಿಷಯದಲ್ಲಿ ಬರವಣಿಗೆ ನಿರ್ಮಾಪಕರ ಕೈಯಲ್ಲೇ ಇದ್ದದ್ದು ಕಲೆಯ ದೃಷ್ಟಿಯಿಂದ ಮಾತ್ರವಲ್ಲ, ಖಜಾನೆಯ ದೃಷ್ಟಿಯಿಂದಲೂ ಎಷ್ಟು ದೊಡ್ಡ ಅನುಕೂಲವೆಂದು ನನಗೆ ಮನವರಿಕೆಯಾದದ್ದು ಆ ಬೀದಿಯಲ್ಲೇ.

ಎರಡನೆಯ ಪ್ರಶ್ನೆ ಮಾರಾಟದ್ದು. 1992ರಲ್ಲಿ ಕೆನೆತ್ ನೆಬ್ಯೂ ಎಂಬ ಕ್ಯಾಸೆಟ್ ವ್ಯಾಪಾರಿ ನಿರ್ಮಿಸಿದ ‘ಲಿವಿಂಗ್ ಇನ್ ಬಾಂಡೇಜ್’ ಎಂಬ ಇಗ್ಬೊ ಭಾಷೆಯ ಚಿತ್ರ ನೇರವಾಗಿ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಬಿಡುಗಡೆಯಾಗಿ ಯಶಸ್ವಿಯಾಯಿತು. ಚಿತ್ರಮಂದಿರಗಳು ಮುಚ್ಚುತ್ತಿದ್ದ ದೇಶದಲ್ಲಿ ಮನೆಮನೆಯ ವಿಡಿಯೊ ಪ್ಲೇಯರ್ ಹೊಸ ಚಿತ್ರಮಂದಿರವಾಯಿತು. ಇಗ್ವೆ 1995ರಲ್ಲಿ ‘ರ‍್ಯಾಟಲ್‌ಸ್ನೇಕ್’, 1996ರಲ್ಲಿ ‘ವಯೊಲೇಟೆಡ್’ ತಯಾರಿಸಿ ಈ ಮಾರುಕಟ್ಟೆಗೆ ಬಂದರು. ಟೆಲಿವಿಷನ್ ಧಾರಾವಾಹಿಯಲ್ಲಿ ಕಲಿತ ಚಿತ್ರಕಥೆಯ ಬಿಗಿಯನ್ನೂ ತಾಂತ್ರಿಕ ಅಚ್ಚುಕಟ್ಟುತನವನ್ನೂ ಅವರು ಕ್ಯಾಸೆಟ್ ಸಿನಿಮಾಕ್ಕೆ ತಂದರೆಂದು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಆದರೆ ಆ ಮಾರುಕಟ್ಟೆಯ ಬೀಗದ ಕೈ ಇದ್ದದ್ದು ಒನಿಚಾದ ಇವೆಕಾ ರಸ್ತೆಯ ಮತ್ತು ಲೇಗೋಸ್‌ನ ಇಡುಮೋಟದ ವ್ಯಾಪಾರಿಗಳ ಬಳಿ. ಅಲ್ಲಿ ಅವರನ್ನು ಮಾರ್ಕೆಟರ್‌ಗಳೆಂದೇ ಕರೆಯುತ್ತಾರೆ. ಹಣ ಹಾಕುವವರು, ಪ್ರತಿ ಮಾಡಿಸುವವರು, ಅಂಗಡಿಗೆ ಹಂಚುವವರು ಅವರೇ. ಎಷ್ಟು ಕ್ಯಾಸೆಟ್ ಮಾರಾಟವಾಯಿತೆಂಬ ಲೆಕ್ಕವೂ ಅವರ ಪುಸ್ತಕದಲ್ಲೇ ಇರುತ್ತಿತ್ತು. ಇದರ ಮೇಲೆ ನಕಲಿ ಪ್ರತಿಗಳ ಹಾವಳಿ ಬೇರೆ. 2004ರಲ್ಲಿ ಈ ಮಾರ್ಕೆಟರ್‌ಗಳು, ಸಂಭಾವನೆ ಹೆಚ್ಚು ಕೇಳುತ್ತಾರೆಂಬ ಕಾರಣಕ್ಕೆ ದೇಶದ ಅತ್ಯಂತ ಜನಪ್ರಿಯ ನಟನಟಿಯರಲ್ಲಿ ಹಲವರನ್ನು ಚಿತ್ರಗಳಿಂದ ಹೊರಗಿಟ್ಟರು. ‘ಚೆಕ್‌ಮೇಟ್’ನಲ್ಲಿ ನಟಿಸಿದ್ದ ಮೋಫೆ ದಮಿಜೊ ಕೂಡ ಆ ಪಟ್ಟಿಯಲ್ಲಿದ್ದರು. ಹಂಚಿಕೆ ಯಾರ ಕೈಯಲ್ಲಿದೆಯೋ ಪಾತ್ರವರ್ಗದ ಆಯ್ಕೆಯೂ ಕೊನೆಗೆ ಅವರದೇ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಅದೇ 2004ರಲ್ಲಿ ಇಗ್ವೆ ಅಬುಜಾದಲ್ಲಿ ಬಾಬ್‌ಟಿವಿ ಎಂಬ ವಾರ್ಷಿಕ ಮೇಳವನ್ನು ಆರಂಭಿಸಿದರು. ಹೆಸರಿಗೆ ಮೇಳವಾದರೂ ಅದು ಆಫ್ರಿಕಾದ ಸಿನಿಮಾ ಮತ್ತು ಟೆಲಿವಿಷನ್ ಕಾರ್ಯಕ್ರಮಗಳ ಸಂತೆ. ನಿರ್ಮಾಪಕರು ತಮ್ಮ ಕಾರ್ಯಕ್ರಮಗಳನ್ನು ವಾಹಿನಿಯವರ, ವಿತರಕರ, ಹಣ ಹೂಡುವವರ ಮುಂದೆ ತಾವೇ ಇಟ್ಟು ಬೆಲೆ ಮಾತಾಡುವ ಜಾಗ. ಅದರ ಜೊತೆಗೆ ತರಬೇತಿ ತರಗತಿಗಳೂ ನಡೆಯುತ್ತಿದ್ದವು. ಸ್ವಂತ ಚಿತ್ರ ಮಾರುವುದಕ್ಕಾಗಿ ಒಬ್ಬ ನಿರ್ಮಾಪಕಿ ಅಂಗಡಿ ತೆರೆದಿದ್ದರೆ ಆಶ್ಚರ್ಯವಿರಲಿಲ್ಲ. ತನ್ನ ಪ್ರತಿಸ್ಪರ್ಧಿಗಳೂ ಬಂದು ಮಾರಲೆಂದು ಸಂತೆ ಕಟ್ಟುವುದು ಬೇರೆಯೇ ಮನೋಭಾವದ ಕೆಲಸ, ಅದನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಮುಂದೆ ಅವರು ಲೇಗೋಸ್‌ನಲ್ಲಿ ಟಾಪ್ ರೇಡಿಯೊ 90.9 ಎಂಬ ಎಫ್‌ಎಂ ಕೇಂದ್ರವನ್ನು ಸ್ಥಾಪಿಸಿದರು, ಕೊನೆಯ ವರ್ಷಗಳಲ್ಲಿ ಸ್ವಂತ ಟೆಲಿವಿಷನ್ ವಾಹಿನಿಯ ಕೆಲಸದಲ್ಲೂ ತೊಡಗಿದ್ದರು. ಬರವಣಿಗೆಯಿಂದ ನಿರ್ಮಾಣಕ್ಕೆ, ನಿರ್ಮಾಣದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಪ್ರಸಾರಕ್ಕೆ ಅವರು ಇಟ್ಟ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯಲ್ಲಿ ಎದುರಾದ ಅಡ್ಡಿಗೆ ಕೊಟ್ಟ ಉತ್ತರದಂತೆ ನನಗೆ ಕಾಣುತ್ತದೆ. 2011ರಲ್ಲಿ ನೈಜೀರಿಯಾ ಸರ್ಕಾರ ಅವರಿಗೆ ರಾಷ್ಟ್ರೀಯ ಗೌರವ ನೀಡಿತು. 2014ರ ಏಪ್ರಿಲ್ 28ರಂದು ಎನುಗುವಿನಲ್ಲಿ ಉಬ್ಬಸ ಉಲ್ಬಣಿಸಿ ಅವರು ತೀರಿಕೊಂಡಾಗ ವಯಸ್ಸು 51.

ಅವರ ಜೊತೆ ಕೆಲಸ ಮಾಡಿದವರು ಏನಾದರು ಎಂಬುದನ್ನೂ ನೋಡಬೇಕು. ‘ಚೆಕ್‌ಮೇಟ್’ನ ನಾಯಕಿ ಈಗೊ ಬೊಯೊ ಮುಂದೆ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿ ಗೌರವಾನ್ವಿತ ನಿರ್ಮಾಪಕಿಯಾದರು. ಸೆಟ್ಟಿನಲ್ಲಿ ಕಲಾವಿದೆಯಾಗಿದ್ದವರಿಗೆ ನಿರ್ಮಾಣದ ಒಳಹೊರಗು ಕಾಣುವಂಥ ವಾತಾವರಣ ಎಲ್ಲ ಕಡೆ ಇರುವುದಿಲ್ಲ. ನಮ್ಮ ಅನೇಕ ಸೆಟ್ಟುಗಳಲ್ಲಿ ಬಜೆಟ್ ಎಂಬುದು ಮ್ಯಾನೇಜರ್‌ನ ಜೇಬಿನಲ್ಲಿರುವ ಗುಟ್ಟು. ಎಪಿಸೋಡ್ ಡೈರೆಕ್ಟರ್‌ಗೂ ಅದು ತಿಳಿದಿರುವುದಿಲ್ಲ. ದಿನದ ಖರ್ಚು ಎಷ್ಟೆಂದು ತಿಳಿಯದ ನಿರ್ದೇಶಕರು ಖರ್ಚಿಗೆ ತಕ್ಕಂತೆ ದೃಶ್ಯ ಯೋಜಿಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಹಕ್ಕಿನ ಬೆಲೆ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ‘ರ‍್ಯಾಟಲ್‌ಸ್ನೇಕ್’ ಚಿತ್ರವೇ ಉದಾಹರಣೆ. ಅದು ಬಂದು ಕಾಲು ಶತಮಾನವಾದ ಮೇಲೆ ನೈಜೀರಿಯಾದ ಒಂದು ನಿರ್ಮಾಣ ಸಂಸ್ಥೆ ಅದರ ಹಕ್ಕು ಪಡೆದು, ನಟ ರಾಮ್ಸೆ ನೂಹಾ ಅವರ ನಿರ್ದೇಶನದಲ್ಲಿ 2020ರಲ್ಲಿ ಹೊಸದಾಗಿ ತಯಾರಿಸಿತು, ಅದು ನೆಟ್‌ಫ್ಲಿಕ್ಸ್‌ಗೂ ಬಂತು. ಕ್ಯಾಸೆಟ್ ಹೋಗಿ ಡಿಸ್ಕ್ ಬಂತು, ಡಿಸ್ಕ್ ಹೋಗಿ ಸ್ಟ್ರೀಮಿಂಗ್ ಬಂತು, ಆದರೂ ಕಥೆ ಮಾರಾಟಕ್ಕೆ ಯೋಗ್ಯವಾಗಿಯೇ ಉಳಿಯಿತು. 1995ರಲ್ಲಿ ಬರೆದ ಒಪ್ಪಂದಗಳಲ್ಲಿ ಸ್ಟ್ರೀಮಿಂಗ್ ಎಂಬ ಶಬ್ದವಿರಲು ಸಾಧ್ಯವೇ ಇರಲಿಲ್ಲ. ಆದ್ದರಿಂದಲೇ ಹಕ್ಕನ್ನು ಬಿಟ್ಟುಕೊಡುವಾಗ ಮಾಧ್ಯಮ, ಭಾಷೆ, ಪ್ರದೇಶ, ಅವಧಿ ಈ ನಾಲ್ಕನ್ನೂ ಬೇರೆಬೇರೆಯಾಗಿ ನಮೂದಿಸಿ, ಹೆಸರಿಸದೆ ಉಳಿದದ್ದೆಲ್ಲ ನಿರ್ಮಾಪಕರಲ್ಲೇ ಉಳಿಯುತ್ತದೆ ಎಂದು ಬರೆಯಿಸಿಕೊಳ್ಳಬೇಕು.

ಬೆಂಗಳೂರಿಗೆ ಮರಳಿದ ಮೇಲೆ ನನ್ನ ಕೆಲಸದ ಕ್ರಮ ಬದಲಾಗಿದೆ. ಯಾವುದೇ ಹೊಸ ಯೋಜನೆಗೆ ಬಜೆಟ್ ಹಾಕುವ ಮುನ್ನ ನಾನು ನಿರ್ಮಾಪಕರಿಂದ ಒಂದು ಹಾಳೆ ಕೇಳುತ್ತೇನೆ. ಮೂಲ ಕಥೆ ಯಾರದು, ಚಿತ್ರಕಥೆ ಮತ್ತು ಸಂಭಾಷಣೆಕಾರರ ಒಪ್ಪಂದಕ್ಕೆ ಸಹಿಯಾಗಿದೆಯೇ, ಶೀರ್ಷಿಕೆಗೀತೆಯ ಹಕ್ಕು ಎಲ್ಲಿದೆ, ಡಬ್ಬಿಂಗ್ ಮತ್ತು ರೀಮೇಕ್ ಮಾಡುವ ಅಧಿಕಾರ ಯಾರಿಗೆ, ಧಾರಾವಾಹಿ ಅರ್ಧಕ್ಕೆ ನಿಂತರೆ ಪಾತ್ರಗಳು ಯಾರ ಬಳಿ ಉಳಿಯುತ್ತವೆ ಎಂಬುದೆಲ್ಲ ಅದರಲ್ಲಿರಬೇಕು. ಎಲ್ಲ ಹಕ್ಕೂ ವಾಹಿನಿಯದೇ ಎಂದು ಮೊದಲೇ ನಿಶ್ಚಯವಾಗಿದ್ದರೆ ಸಂಚಿಕೆಯ ದರವನ್ನು ಆ ಲೆಕ್ಕದಲ್ಲೇ ಕೇಳುವಂತೆ ಸಲಹೆ ಕೊಡುತ್ತೇನೆ, ಏಕೆಂದರೆ ಮುಂದೆ ಬರಬಹುದಾದ ಆದಾಯವನ್ನೂ ನಾವು ಅದೇ ದರದಲ್ಲಿ ಮಾರುತ್ತಿರುತ್ತೇವೆ. ಕೆಲವು ನಿರ್ಮಾಪಕರು ಈ ಹಾಳೆಯನ್ನು ಅನಗತ್ಯ ತಲೆನೋವೆಂದು ಭಾವಿಸುತ್ತಾರೆ, ವಾಹಿನಿಯ ಮುಂದೆ ಇಂಥ ಮಾತೆತ್ತಿದರೆ ಅವಕಾಶ ತಪ್ಪೀತೆಂಬ ಅಂಜಿಕೆಯೂ ಅವರಿಗಿದೆ. ಆ ಅಂಜಿಕೆಗೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಆದರೂ ರೀಮೇಕ್ ಹಕ್ಕಿನಲ್ಲಿ ಪಾಲು, ಬೇರೆ ಭಾಷೆಗೆ ಡಬ್ ಆದರೆ ಒಂದಿಷ್ಟು ಮೊತ್ತ, ವಾಹಿನಿ ನಿರ್ದಿಷ್ಟ ವರ್ಷಗಳ ಕಾಲ ಬಳಸದೆ ಬಿಟ್ಟ ಪಾತ್ರಗಳು ನಿರ್ಮಾಪಕರಿಗೆ ಮರಳುವುದು ಎಂಬ ಮೂರು ಅಂಶಗಳನ್ನಾದರೂ ಕರಡು ಒಪ್ಪಂದದಲ್ಲಿ ಸೇರಿಸಿ ಕಳುಹಿಸೋಣ ಎನ್ನುತ್ತೇನೆ. ಮೂರರಲ್ಲಿ ಒಂದಕ್ಕೆ ಒಪ್ಪಿಗೆ ಸಿಕ್ಕ ಸಂದರ್ಭಗಳೂ ಇವೆ, ಹೆಚ್ಚಾಗಿ ಅದು ಡಬ್ಬಿಂಗ್‌ಗೆ ಸಂಬಂಧಿಸಿದ್ದು.