ಬಲಗಿವಿಯ ಓಲೆ

ಕಣದಲ್ಲಿ ರೊಬಸ್ಟಾ ಕಾಫಿ ಹರಡಿದ್ದ ದಿನವೇ ಎಡಗಡೆ ಕೆಳಗಿನ ಬುದ್ಧಿಹಲ್ಲು ಊದಿಕೊಂಡಿತು. ಲವಂಗ ಕಚ್ಚಿಕೊ ಅಂದರು ಅತ್ತೆ. ಕಚ್ಚೋಕೆ ಬಾಯಿ ತೆರೀಬೇಕಲ್ಲ! ಎರಡು ಬೆರಳೂ ತೂರುತ್ತಿರಲಿಲ್ಲ. ಮೂರನೇ ದಿನ ಸಿದ್ದಾಪುರದಿಂದ ವಿರಾಜಪೇಟೆ ಬಸ್ ಹತ್ತಿದೆ.

ಡಾಕ್ಟರು ಹಲ್ಲಿನ ಪಕ್ಕ ಇಡುವ ಪುಟ್ಟ ಫಿಲ್ಮ್ ಕೈಗೆತ್ತಿಕೊಂಡು, ನನ್ನ ಬಾಯಿ ನೋಡಿ ವಾಪಸ್ ಇಟ್ಟರು. "ಓಪಿಜಿ ತೆಗೆಸೋಣ." ಅಂದರೆ ಬಾಯೊಳಗೆ ಫಿಲ್ಮ್ ಇಡದೆ ಹೊರಗಿನಿಂದಲೇ ತೆಗೆಯುವ ಎಕ್ಸ್‌ರೇ. ಎರಡು ದವಡೆ, ಅಷ್ಟೂ ಹಲ್ಲು, ಕಿವಿ ಹತ್ತಿರದ ಕೀಲು, ಎಲ್ಲ ಒಂದೇ ಚಿತ್ರದಲ್ಲಿ. ಸಣ್ಣ ಹುಳುಕು ನೋಡೋಕೆ ಮಾತ್ರ ಪುಟ್ಟ ಫಿಲ್ಮೇ ವಾಸಿಯಂತೆ.

ಸರ, ಹೇರ್‌ಪಿನ್, ಓಲೆ ತೆಗೀರಿ ಅಂದರು. ಎಡಗಿವಿಯದು ಬಂತು. ಬಲಗಿವಿಯ ತಿರುಪು ಜಪ್ಪಯ್ಯ ಅಂದರೂ ಬರಲಿಲ್ಲ. ಮದುವೆಯಲ್ಲಿ ಹಾಕಿದ್ದು, ಹನ್ನೊಂದು ವರ್ಷದಿಂದ ಬಿಚ್ಚಿಲ್ಲ. "ನೋವಿರೋದು ಎಡಗಡೆ ತಾನೇ, ಇದು ಇರಲಿ ಬಿಡಿ" ಅಂದವಳು ನಾನೇ.

ಗಲ್ಲ ಊರಿ, ಮುಂದಿನ ಹಲ್ಲಲ್ಲಿ ಪ್ಲಾಸ್ಟಿಕ್ ಕಡ್ಡಿ ಕಚ್ಚಿ ನಿಂತೆ. ನಾಲಿಗೆ ಅಂಗುಳಕ್ಕೆ ಒತ್ತಿರಬೇಕು. ಇಲ್ಲದಿದ್ದರೆ ಮೇಲಿನ ಹಲ್ಲಿನ ಬೇರುಗಳ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ಯಂತ್ರ ತಲೆಯ ಸುತ್ತ ಅರ್ಧ ಪ್ರದಕ್ಷಿಣೆ ಹಾಕಿತು. ಹದಿನೈದು ಸೆಕೆಂಡ್ ಇರಬಹುದು, ಅಷ್ಟೇ.

ಚಿತ್ರ ನೋಡಿ ಎದೆ ಧಸಕ್ಕೆಂದಿತು. ಎಡಗಡೆ, ಮೇಲಿನ ದವಡೆ ಹತ್ತಿರ, ದೊಡ್ಡ ಬಿಳಿ ಮಸುಕು. ಗಡ್ಡೆಯಾ? ಡಾಕ್ಟರು ನಕ್ಕರು. "ನಿಮ್ಮ ಬಲಗಿವಿಯ ಓಲೆ."

ಕಿರಣ ತಲೆಯ ಹಿಂದಿನಿಂದ ಸ್ವಲ್ಪ ಮೇಲ್ಮುಖವಾಗಿ ಹಾಯುತ್ತದಂತೆ. ದಾರಿಯಲ್ಲಿ ಲೋಹ ಸಿಕ್ಕರೆ ಅದರ ನೆರಳು ಎದುರು ಬದಿಯಲ್ಲಿ, ಇನ್ನೂ ಮೇಲೆ, ದೊಡ್ಡದಾಗಿ, ಮಸುಕಾಗಿ ಬೀಳುತ್ತದೆ. ಇದಕ್ಕೆ ಘೋಸ್ಟ್ ಇಮೇಜ್ ಅಂತಲೇ ಹೆಸರು. ಭೂತ ಗೀತ ಏನಿದ್ದರೂ ತೋಟದಂಚಿನ ಕುಟ್ಟಿಚಾತನ ಕಲ್ಲಿನ ಹತ್ತಿರ ಅಂದುಕೊಂಡಿದ್ದೆ!

ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಓದಿದೆ. ಈ ವಿಧಾನ ಬೆಳೆಸಿದ್ದು ಫಿನ್ಲೆಂಡಿನ ಪಾಟೆರೊ, 1950ರ ಆಸುಪಾಸಿನಲ್ಲಿ. ಮೊದಮೊದಲು ಯಂತ್ರವಲ್ಲ, ರೋಗಿಯೇ ತಿರುಗಬೇಕಿತ್ತಂತೆ. ನನ್ನಂಥ ಬಸ್ ವಾಂತಿಯವರ ಗತಿ?

ನೆರಳು ಮೇಲೆ ಬಿದ್ದದ್ದರಿಂದ ಕೆಳಗಿನ ಹಲ್ಲು ಚೆನ್ನಾಗೇ ಕಂಡಿತು. ಅಡ್ಡಡ್ಡ ಮಲಗಿದೆ. ಬೇರು ನರದ ಕಾಲುವೆಗೆ ತಾಗಿದ ಹಾಗಿದೆ. ಆದರೆ ಓಪಿಜಿ ಚಪ್ಪಟೆ ಚಿತ್ರ, ಯಾವುದು ಹಿಂದೆ ಯಾವುದು ಮುಂದೆ ತಿಳಿಯುವುದಿಲ್ಲ. ಹಲ್ಲು ಕೀಳುವ ಮುಂಚೆ ಸಿಬಿಸಿಟಿ ಅನ್ನೋ ಸ್ಕ್ಯಾನ್ ಬೇಕು, ಅದು ಮೂರು ಆಯಾಮದ್ದು. ಅಲ್ಲೂ ಲೋಹ ಇರಬಾರದು.

ಬುಧವಾರ ಹೋಗಬೇಕು. ಸೋಪಿನ ನೀರು ಆಯಿತು, ಕೊಬ್ಬರಿ ಎಣ್ಣೆ ಆಯಿತು. ಈಗ ನಮ್ಮೆಜಮಾನರು ಮೋಟಾರ್ ಶೆಡ್ಡಿಗೆ ಇಕ್ಕಳ ತರಲು ಹೋಗಿದ್ದಾರೆ.