ನಡು ಪಿಸಿದ ಬೆಡ್‌ಶೀಟ್

2024 ಜೂನ್ 16, ಭಾನುವಾರ

ಬೆಳಗ್ಗೆ ಹಾಸಿಗೆ ಕೊಡವುವಾಗ ಬೆಡ್‌ಶೀಟಿನ ನಡುವೆ ಬೆರಳು ತೂರಿತು. ಹತ್ತಿಯ ಹಳೇ ಶೀಟು. ಬೆಳಕಿಗೆ ಹಿಡಿದು ನೋಡಿದರೆ ನಡುಭಾಗವೆಲ್ಲ ಪಿಸಿದು ಹೋಗಿದೆ. ಅಂಚುಗಳು ಮಾತ್ರ ಗಟ್ಟಿಮುಟ್ಟಾಗಿವೆ.

ಮಧ್ಯಾಹ್ನ ಹೊಸದು ತರೋಣ ಅಂತ ಹೋದೆ. ಒಂದು ಪ್ಯಾಕೆಟ್ ಮೇಲೆ ಹಸಿರು ಎಲೆಯ ಚಿತ್ರ. ಬಿದಿರಿನದು, ಪರಿಸರಸ್ನೇಹಿ ಅಂತ ದಪ್ಪಕ್ಷರ. ಮುಟ್ಟಿದರೆ ಎಷ್ಟು ನುಣುಪು! ಇನ್ನೇನು ತೆಗೆದುಕೊಳ್ಳಬೇಕು, ಒಳಗೆ ಹೊಲಿದಿದ್ದ ಪುಟ್ಟ ಲೇಬಲ್ ಕಣ್ಣಿಗೆ ಬಿತ್ತು. ವಿಸ್ಕೋಸ್.

ಬಿದಿರು ಒಳ್ಳೇ ಗಿಡವೇ. ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ. ಆದರೆ ಅಷ್ಟು ಗಟ್ಟಿ ಬಿದಿರು ಮೆತ್ತನೆಯ ನೂಲಾಗುವುದು ಸುಮ್ನೆ ಅಲ್ಲ. ಅದನ್ನು ತಿರುಳು ಮಾಡಿ, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸುತ್ತಾರೆ. ಆಮೇಲೆ ಸಣ್ಣ ತೂತುಗಳ ಮೂಲಕ ಆಮ್ಲದೊಳಕ್ಕೆ ಬಿಟ್ಟು ಎಳೆ ತೆಗೆಯುತ್ತಾರೆ. ಅದೇ ವಿಸ್ಕೋಸ್. ಕಾರ್ಬನ್ ಡೈಸಲ್ಫೈಡ್ ನರಗಳನ್ನು ಹಾಳು ಮಾಡುವ ವಿಷ. ಕಾರ್ಖಾನೆಯಲ್ಲಿ ಅದರ ಗಾಳಿ ಕುಡಿಯುವವರೂ ಮನುಷ್ಯರೇ ಅಲ್ವಾ? ಪ್ಯಾಕೆಟ್ ಅಲ್ಲೇ ಇಟ್ಟೆ. ಲೇಬಲ್ಲಿನಲ್ಲಿ ಲಯೋಸೆಲ್ ಅಂತಿದ್ದರೆ ಯೋಚಿಸುತ್ತಿದ್ದೆನೇನೋ. ಅದೂ ತಿರುಳಿನಿಂದಲೇ ಆಗುವುದು, ಆದರೆ ಕರಗಿಸಲು ಬಳಸುವ ದ್ರಾವಕ ಬೇರೆ. ಅದನ್ನು ಶೇ 99ರಷ್ಟು ವಾಪಸ್ ಪಡೆದು ಮತ್ತೆ ಬಳಸುತ್ತಾರೆ.

ಹತ್ತಿಯದೂ ಇತ್ತು. ಹತ್ತಿ ಅಂದ ತಕ್ಷಣ ನಿಶ್ಚಿಂತೆ ಅಂತ ನಾನೂ ತುಂಬಾ ವರ್ಷ ನಂಬಿದ್ದೆ. ಒಂದು ಟೀ ಶರ್ಟಿನ ಹತ್ತಿಗೆ ಸುಮಾರು 2,700 ಲೀಟರ್ ನೀರು ಬೇಕು. 1960ರ ದಶಕದಿಂದ ಹತ್ತಿ ಹೊಲಗಳಿಗಾಗಿ ಎರಡು ನದಿಗಳನ್ನು ತಿರುಗಿಸಿದ್ದಕ್ಕೆ ಮಧ್ಯ ಏಷ್ಯಾದ ಅರಲ್ ಸಮುದ್ರವೇ ಬಹುಪಾಲು ಬತ್ತಿತು. ದೋಣಿಗಳು ಮರಳಿನ ಮೇಲೆ ನಿಂತ ಆ ಚಿತ್ರ ಒಮ್ಮೆ ನೋಡಿದ ಮೇಲೆ ಮರೆಯಲು ಆಗುವುದಿಲ್ಲ. ಸಾವಯವ ಹತ್ತಿ ಬೇಕೆಂದರೆ ನಾನು ಹುಡುಕುವುದು ಗಾಟ್ಸ್ (GOTS) ಗುರುತು, ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರದ್ದು. ಅದರಲ್ಲಿ ‘ಸಾವಯವ’ ಅಂತ ಬರೆಯಲು ಕನಿಷ್ಠ ಶೇ 95ರಷ್ಟು ನಾರು ಸಾವಯವ ಆಗಿರಬೇಕು, ಬಣ್ಣ ಹಾಕುವ ರಾಸಾಯನಿಕಗಳಿಗೂ ನಿಯಮ ಇದೆ. ಇವತ್ತು ಆ ಗುರುತು ಯಾವುದರ ಮೇಲೂ ಕಾಣಲಿಲ್ಲ.

ಪಾಲಿಯೆಸ್ಟರ್ ಕಡೆ ಹೋಗಲೇ ಇಲ್ಲ. ಹಳೇ ಬಾಟಲಿಯಿಂದ ಮಾಡಿದ್ದಾದರೂ ಒಗೆದಾಗೆಲ್ಲ ಪ್ಲಾಸ್ಟಿಕ್ ಎಳೆ ಉದುರಿಸುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಪರದೆಗಳನ್ನು ಮಾತ್ರ ಎಸೆಯುವುದಿಲ್ಲ. ಕಡಿಮೆ ಒಗೆಯುತ್ತೇನೆ, ಅದೂ ತಣ್ಣೀರಿನಲ್ಲಿ.

ಬರಿಗೈಯಲ್ಲಿ ಬಂದು ಹಳೇ ಶೀಟನ್ನು ಮತ್ತೆ ನೆಲಕ್ಕೆ ಹರಡಿದೆ. ಉದ್ದಕ್ಕೆ ಸರಿಯಾಗಿ ನಡುವೆ ಕತ್ತರಿಸಿದೆ. ಗಟ್ಟಿಯಿದ್ದ ಎರಡು ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದೆ. ಪಿಸಿದ ಭಾಗ ಈಗ ಎರಡೂ ಪಕ್ಕಕ್ಕೆ ಹೋಯಿತು. ಅದನ್ನು ಕತ್ತರಿಸಿ ತೆಗೆದು, ಉಳಿದ ಅಂಚನ್ನು ಮಡಿಸಿ ಹೊಲಿದೆ. ಕತ್ತರಿಸಿದ ಪಟ್ಟಿಗಳು ಒರೆಸುವ ಬಟ್ಟೆಯಾದವು. ಶೀಟು ಮೊದಲಿಗಿಂತ ಕಿರಿದಾಯಿತು, ಆದರೂ ಹಾಸಿಗೆ ಮುಚ್ಚುತ್ತದೆ.

ಈಗ ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ನಡುವಿನ ಹೊಲಿಗೆ ಕೈಗೆ ಸ್ವಲ್ಪ ತಗಲುತ್ತದೆ. ಇಷ್ಟು ವರ್ಷ ಹಾಸಿಗೆ ಕೆಳಗೆ ಮಡಚಿಕೊಂಡಿದ್ದ ಅಂಚಿನ ನೀಲಿ ಹೂಗಳು ಬಣ್ಣ ಮಾಸದೆ ಮೇಲೆ ಬಂದಿವೆ.